ಓಪನ್ ಕಾರಿಗೆ ಮುಂಗಡ ಕೊಟ್ಟಿದ್ದೇನೆ, ಮನೆಯಲ್ಲಿ ಹೇಳಿಲ್ಲ

ಪ್ರಶ್ನೆ: ನನಗೆ 61 ವರ್ಷ. ಜಾವಗಲ್ ಪಕ್ಕದ ಹಳ್ಳಿ. ತೆಂಗಿನ ತೋಟವಿದೆ. ಮಗಳ ಮದುವೆ ಮಾಡಿದ್ದೇನೆ, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಾಣಾವರದ ಹತ್ತಿರ ತಂದೆಯ ಹೆಸರಿನಲ್ಲಿದ್ದ ಜಮೀನು ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಪರಿಹಾರದ 62 ಲಕ್ಷ ನನ್ನ ಖಾತೆಗೆ ಬಂದಿದೆ. ಇಬ್ಬರು ಅಕ್ಕಂದಿರಿದ್ದಾರೆ, ಅವರು ಏನೂ ಕೇಳಿಲ್ಲ.

ವಿಷಯ ಹೇಳಲು ನಾಚಿಕೆಯಾಗುತ್ತದೆ. ನನಗೊಂದು ಕಾರಿನ ಹುಚ್ಚು ಹಿಡಿದಿದೆ. ಬೆಂಗಳೂರಿನಲ್ಲಿ ಒಬ್ಬರು 1956ರ ಅಮೆರಿಕದ ಶೆವರ್ಲೆ ಬೆಲ್ ಏರ್ ಕಾರನ್ನು ಪೂರ್ತಿ ಬಿಚ್ಚಿ, ಹೊಸದರ ಹಾಗೆ ಮಾಡಿಸಿ ಮಾರುತ್ತಿದ್ದಾರೆ. ಕೆಂಪು, ಬಿಳಿ ಬಣ್ಣ. ಟಾಪು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹುಡುಗನಾಗಿದ್ದಾಗ ನಮ್ಮೂರ ರಸ್ತೆಯಲ್ಲಿ ಇಂಥದ್ದೇ ಒಂದು ಕಾರು ಬಿಸಿಯಾಗಿ ನಿಂತಿತ್ತು. ಮಲೆನಾಡಿನ ಕಡೆಯ ಯಾರೋ ಎಸ್ಟೇಟಿನವರದ್ದು. ನೀರು ತಂದು ಕೊಟ್ಟವನು ನಾನು. ಅದನ್ನು ಇವತ್ತಿಗೂ ಮರೆತಿಲ್ಲ. ಬೆಲೆ 38 ಲಕ್ಷ. ಯಾರಿಗೂ ಹೇಳದೆ 2 ಲಕ್ಷ ಮುಂಗಡ ಕೊಟ್ಟುಬಿಟ್ಟಿದ್ದೇನೆ. ಹದಿನೈದು ದಿನದಲ್ಲಿ ಉಳಿದದ್ದು ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದಂತೆ. ಮದುವೆಗಳಿಗೆ ಬಾಡಿಗೆಗೆ ಬಿಟ್ಟರೆ ನಾಲ್ಕೈದು ವರ್ಷದಲ್ಲಿ ದುಡ್ಡು ವಾಪಸ್ಸಾಗುತ್ತದೆ ಎನ್ನುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ತಗೊಂಡರೆ ಊರು ನಗುತ್ತದೆ, ಬಿಟ್ಟರೆ ಸಾಯುವತನಕ ಕೊರಗು. ಏನು ಮಾಡಲಿ?
— ಹೆಸರು ಬೇಡ, ಜಾವಗಲ್

ಉತ್ತರ: ನಿಮ್ಮ ಪತ್ರ ಎಂಟು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ, ಗುರುತು ಸಿಗುವಂಥದ್ದನ್ನು ತೆಗೆದಿದ್ದೇನೆ. ನಿಶ್ಚಿಂತೆಯಿಂದ ಓದಿ.

ಮೊದಲು ನಾಚಿಕೆಯ ಮಾತು. ಎಂಟು ಪುಟಗಳಲ್ಲಿ ಆ ಪದವನ್ನು ನೀವು ಮತ್ತೆ ಮತ್ತೆ ಬರೆದಿದ್ದೀರಿ. ಒಂದು ಕಡೆಯಂತೂ ‘ಈ ವಯಸ್ಸಿಗೆ ಕಾಶಿಗೆ ಹೋಗಬೇಕು ಅನ್ನಿಸಬೇಕಿತ್ತು, ಕಾರು ಅನ್ನಿಸುತ್ತಿದೆ’ ಎಂದಿದ್ದೀರಿ. ಯಾವ ವಯಸ್ಸಿಗೆ ಏನು ಅನ್ನಿಸಬೇಕೆಂದು ಯಾರೂ ಪಟ್ಟಿ ಮಾಡಿಟ್ಟಿಲ್ಲ. ದುಡಿಯುವ ಕಾಲದಲ್ಲಿ ಆಸೆಗಳಿಗೆ ಪುರುಸೊತ್ತು ಇರುವುದಿಲ್ಲ. ಮಕ್ಕಳು ದಡ ಸೇರಿದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಕಂಡ ಮೇಲೆ, ಅಷ್ಟು ವರ್ಷ ತೆಪ್ಪಗಿದ್ದದ್ದು ತಲೆ ಎತ್ತುತ್ತದೆ. ನನಗೆ ಬರುವ ಪತ್ರಗಳಲ್ಲಿ ಇಂಥವು ಕಡಿಮೆಯಿಲ್ಲ. ಬುಲೆಟ್ ಬೇಕೆಂದವರು, ಹಾರ್ಮೋನಿಯಂ ಕಲಿಯಲು ಹೊರಟವರು, ಮಾರಿದ ಹೊಲವನ್ನೇ ಮರಳಿ ಕೊಳ್ಳಲು ಹಟ ಹಿಡಿದವರು. (ಹೆಂಗಸರೂ ಬರೆಯುತ್ತಾರೆ. ಆದರೆ ಅವರ ಪತ್ರಗಳಲ್ಲಿ ಆಸೆ ಇರುತ್ತದೆ, ಬೆಲೆ ಇರುವುದಿಲ್ಲ. ಬೆಲೆ ವಿಚಾರಿಸುವ ತನಕ ಅವರು ಹೋಗಿಯೇ ಇರುವುದಿಲ್ಲ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ನಿಮ್ಮ ಮನೆಯವರ ವಿಷಯಕ್ಕೆ ಬರುತ್ತೇನೆ.)

ಅಮೆರಿಕದ ಮೋಟಾರಿನ ಕನಸು ಕಂಡ ಕನ್ನಡಿಗರಲ್ಲಿ ನೀವು ಮೊದಲನೆಯವರಲ್ಲ, ವಯಸ್ಸಿನಲ್ಲಿ ಹಿರಿಯರೂ ಅಲ್ಲ. ಎಪ್ಪತ್ತು ದಾಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಬೆಂಗಳೂರಿನಲ್ಲೇ ಒಂದು ಕಾರ್ಖಾನೆ ಆಗಲಿ ಎಂದು ಅವರೂ ಉದ್ಯಮಿ ವಾಲ್‌ಚಂದ್ ಹೀರಾಚಂದರೂ ಬಹಳ ಓಡಾಡಿದರು. ಬ್ರಿಟಿಷರ ಕಾಲದಲ್ಲಿ ಅದು ಕೈಗೂಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು, ವಾಲ್‌ಚಂದರ ಕಾರು ಕಾರ್ಖಾನೆ ಮುಂಬೈಯ ಕುರ್ಲಾ ಸೇರಿತು. ಅಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಎಂಬ ಅಮೆರಿಕದ ಕಾರುಗಳು ಜೋಡಣೆಯಾದವು. ಹಾಸನ, ಚಿಕ್ಕಮಗಳೂರಿನ ಕಾಫಿ ತೋಟದವರ ಶೆಡ್ಡುಗಳಲ್ಲಿ ಒಂದು ಕಾಲಕ್ಕೆ ಇಂಥ ಕಾರುಗಳಿದ್ದದ್ದು ಹಳಬರಿಗೆಲ್ಲ ಗೊತ್ತು. ನೀವು ನೋಡಿದ್ದೂ ಅಂಥದ್ದೇ ಇರಬೇಕು. ಹೀಗಾಗಿ ಆಸೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಹುಚ್ಚು ಎಂಬ ಮಾತನ್ನು ನೀವೂ ಬಿಡಿ.

ಆದರೆ ನಿದ್ದೆ ಕೆಡಿಸಿರುವುದು ಕಾರು ಅಂತ ನನಗನ್ನಿಸುವುದಿಲ್ಲ.

ನಿಮ್ಮ ಐದನೇ ಪುಟದ ಕೆಳಗೆ, ಬೇರೆ ಏನೋ ಹೇಳುವಾಗ, ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನೀರು ತಂದ ಹುಡುಗ ಬಾಗಿಲ ಮೇಲೆ ಕೈ ಇಟ್ಟಾಗ ಆ ಕಾರಿನವರು ‘ಮುಟ್ಟಬೇಡ, ಕೈ ಮಣ್ಣು’ ಎಂದರು. ಪಕ್ಕದಲ್ಲಿದ್ದ ನಿಮ್ಮ ತಂದೆ ನಿಮ್ಮ ಪರ ಮಾತಾಡುವ ಬದಲು ನಿಮಗೇ ಒಂದು ಏಟು ಕೊಟ್ಟರು. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದು. ಕಾರಿನವರು ಕೆಟ್ಟವರೇ ಇರಬೇಕಿಲ್ಲ, ನಿಮ್ಮ ತಂದೆಯೂ ಅಷ್ಟೆ. ಆ ಕಾಲದಲ್ಲಿ ದೊಡ್ಡವರ ಮುಂದೆ ಮಕ್ಕಳಿಗೆ ಹೊಡೆಯುವುದು ಒಂದು ಬಗೆಯ ಮರ್ಯಾದೆಯಾಗಿತ್ತು. ಆದರೂ ಎಂಟು ವರ್ಷದ ಹುಡುಗನಿಗೆ ಅದು ತಟ್ಟದೆ ಇರುತ್ತದೆಯೇ?

ಈಗ ಅದೇ ತಂದೆಯ ಹೆಸರಿನ ಜಮೀನಿನ ದುಡ್ಡಿನಲ್ಲಿ ಅದೇ ಬಗೆಯ ಕಾರು. ಇದು ಬರೀ ಕಾಕತಾಳೀಯವೋ, ಒಳಗೊಳಗೇ ಒಂದು ಲೆಕ್ಕ ಚುಕ್ತಾ ಆಗುತ್ತಿದೆಯೋ, ನೀವೇ ಒಂದು ಗಳಿಗೆ ಕೂತು ಯೋಚಿಸಿ. ಚುಕ್ತಾ ಮಾಡುವುದೂ ತಪ್ಪಲ್ಲ. ಆದರೆ ಯಾರಿಗೂ ಕಾಣದ ಹಾಗೆ ಮುಂಗಡ ಕೊಟ್ಟು, ಸಿಕ್ಕಿಬಿದ್ದರೆ ಎಂದು ಹೆದರಿ ರಾತ್ರಿ ಎದ್ದು ಕೂರುವುದಿದೆಯಲ್ಲ, ಅದು 61 ವರ್ಷದ ಯಜಮಾನ ಮಾಡುವ ಕೆಲಸವಲ್ಲ, ಏಟು ತಿಂದ ಆ ಹುಡುಗ ಮಾಡುವ ಕೆಲಸ. ಅವನಿಗೆ ಇಷ್ಟು ಹೇಳಬಹುದು: ಈಗ ನಿನ್ನನ್ನು ಮುಟ್ಟಬೇಡ ಎನ್ನುವವರು ಯಾರೂ ಇಲ್ಲ, ಆತುರಪಡಬೇಕಾಗಿಯೂ ಇಲ್ಲ.

ಊರು ನಗುತ್ತದೆ ಎಂಬ ಭಯಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಊರು ವಾರ ಹತ್ತು ದಿನ ನಗುತ್ತದೆ, ಆಮೇಲೆ ಮಕ್ಕಳನ್ನು ಕರೆತಂದು ಕಾರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತದೆ.

ಈಗ ನಿಮ್ಮ ಮನೆಯವರ ಮಾತು. ‘ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅವರ ಬಗ್ಗೆ ಪತ್ರದಲ್ಲಿ ಇನ್ನೊಂದೇ ಒಂದು ಸಂಗತಿ ಇದೆ. 2016–17ರ ಬರದಲ್ಲಿ ಕಣ್ಣೆದುರೇ ತೆಂಗಿನ ಸುಳಿ ಬಾಗಿ ಮರಗಳು ಒಣಗುತ್ತಿದ್ದಾಗ, ಮೂರನೇ ಬೋರ್‌ವೆಲ್ ಕೊರೆಸಲು ಅವರು ಸರ ಬಿಚ್ಚಿ ಕೊಟ್ಟದ್ದು. ಆ ಬೋರ್‌ನಲ್ಲೂ ನೀರು ಬೀಳಲಿಲ್ಲ. ಸರ ಬಿಡಿಸಿಕೊಂಡಿರಾ ಎಂದು ನೀವು ಬರೆದಿಲ್ಲ. ಅರಸೀಕೆರೆ, ತಿಪಟೂರಿನ ಕಡೆಯ ತೋಟದ ಮನೆಗಳಲ್ಲಿ ಆ ವರ್ಷಗಳ ಭಯ ಇನ್ನೂ ಪೂರ್ತಿ ಇಳಿದಿಲ್ಲ. ಹಾಗಾಗಿ ಅವರು ‘ಬೇಡ’ ಎಂದರೆ ಅದು ಕಾರಿಗೆ ಹೇಳಿದ ಬೇಡ ಆಗಿರಲಿಕ್ಕಿಲ್ಲ, ಇನ್ನೊಂದು ಬರಕ್ಕೆ ಹೇಳಿದ್ದಿರಬಹುದು. ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಒಮ್ಮೆ ಹೇಳಿಯಾದರೂ ನೋಡಬೇಕಲ್ಲವೇ? ಇಷ್ಟು ವರ್ಷದ ಸಂಸಾರದಲ್ಲಿ ಅವರು ನಿಮ್ಮ ಎಂಟನೇ ವಯಸ್ಸಿನ ಆ ಮಧ್ಯಾಹ್ನದ ಕಥೆ ಕೇಳಿದ್ದಾರೆಯೇ?

ಹೇಳುವಾಗ ಬೆಲೆಯಿಂದ ಶುರು ಮಾಡಬೇಡಿ. ಕಥೆಯಿಂದ ಶುರು ಮಾಡಿ, ಆಮೇಲೆ ಮುಂಗಡದ ವಿಷಯ ನೇರವಾಗಿ ತಿಳಿಸಿ. ಕೋಪ ಬರುತ್ತದೆ. ಬರಲಿ. ಒಂದೆರಡು ದಿನ ಮಾತು ನಿಲ್ಲಬಹುದು, ಅದಕ್ಕೂ ಜಾಗ ಕೊಡಿ. ಸಮರ್ಥನೆಗೆ ಹೋಗಬೇಡಿ, ‘ನಿನಗೂ ಒಂದು ಚಿನ್ನದ ಸರ ಮಾಡಿಸುತ್ತೇನೆ’ ಎಂದು ವ್ಯಾಪಾರಕ್ಕಂತೂ ಇಳಿಯಲೇಬೇಡಿ. ಆ ಸರ ಕಾರು ಬರಲಿ ಬಿಡಲಿ ಕೊಡಬೇಕಾದ ಬಾಕಿ. ಆಮೇಲೆ, ಅವರಿಗೂ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿರುವ ಏನಾದರೂ ಆಸೆ ಇದೆಯೇ ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ.

ಇನ್ನೊಂದು ಮಾತು ಸ್ವಲ್ಪ ಕಹಿ. ‘ಅಕ್ಕಂದಿರು ಏನೂ ಕೇಳಿಲ್ಲ’ ಎಂದಿದ್ದೀರಿ. ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರೂ ಗಮನವಿಟ್ಟು ಓದಲಿ ಎಂದು ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಕೇಳದಿದ್ದರೆ ಹಕ್ಕು ಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಆದರೆ ಅಷ್ಟರಲ್ಲಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಜಮೀನು ನಿಮ್ಮ ತಂದೆಯ ಸ್ವಯಾರ್ಜಿತವಾಗಿದ್ದು ವಿಲ್ ಬರೆಯದೆ ಹೋಗಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲೇ. ಹಿಂದೆಯೇ ನೋಂದಾಯಿತ ವಿಭಾಗವಾಗಿದ್ದರೆ ಅಥವಾ ಅಕ್ಕಂದಿರು ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರೆ ಮಾತು ಬೇರೆ. ಭೂಮಿ ಹೋಗಿ ದುಡ್ಡಾಯಿತು ಅಂತ ಪಾಲು ಅಳಿಸಿಹೋಗುವುದಿಲ್ಲ.

ಅಂದರೆ, ಆ 62 ಲಕ್ಷ ಪೂರ್ತಿ ನಿಮ್ಮದೇ ಎಂದು ಇನ್ನೂ ಇತ್ಯರ್ಥವಾಗಿಲ್ಲ. ಮೂವರ ಪಾಲಾದರೆ ನಿಮಗೆ ಉಳಿಯುವುದು ಇಪ್ಪತ್ತು ಲಕ್ಷದ ಮೇಲೆ ಸ್ವಲ್ಪ. ಆಗ ಕಾರಿನ ಪ್ರಶ್ನೆಯೇ ಬೇರೆಯಾಗುತ್ತದೆ. ನೀವು ಮೋಸ ಮಾಡಲು ಹೊರಟಿದ್ದೀರಿ ಎಂದು ನಾನು ಅಂದುಕೊಂಡಿಲ್ಲ. ನಮ್ಮ ಕಡೆ ಅಕ್ಕತಂಗಿಯರು ತವರಿನ ಬಾಗಿಲು ತೆರೆದಿರಲಿ ಎಂದು ಸುಮ್ಮನಿರುತ್ತಾರೆ, ತಮ್ಮಂದಿರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ. ಅರಸೀಕೆರೆ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ, 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ. ಜಮೀನಿನ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ, ಅಕ್ಕಂದಿರನ್ನು ಕರೆಸಿ ಮಾತಾಡಿ. ಅವರು ಸ್ವಂತ ಇಚ್ಛೆಯಿಂದ ‘ನೀನೇ ಇಟ್ಟುಕೋ’ ಎಂದರೆ ಕಾಗದ ಮಾಡಿಕೊಳ್ಳಿ. ಅಲ್ಲಿಯ ತನಕ ಆ ಖಾತೆಯಿಂದ ಒಂದು ರೂಪಾಯಿಯೂ ಕಾರಿಗೆ ಹೋಗಬಾರದು. ಈ ವಿಷಯದಲ್ಲಿ ನಾನು ಸಡಿಲ ಮಾತು ಆಡುವುದಿಲ್ಲ.

ಇಷ್ಟಾದ ಮೇಲೂ ಕೈಯಲ್ಲಿ ಹಣವಿದ್ದು, ಮನೆಯವರ ಮನಸ್ಸೂ ಒಪ್ಪಿತು ಎಂದುಕೊಳ್ಳೋಣ. ಆಗ ಕಾರನ್ನು ಕಾರಿನ ಹಾಗೆ ನೋಡಬೇಕು. ನಾನು ಮೋಟಾರು ಬಲ್ಲವಳಲ್ಲ. ನಿಮ್ಮ ಪತ್ರ ಬಂದ ಮೇಲೆ ಬಲ್ಲವರನ್ನು ಕೇಳಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮದುವೆ ಬಾಡಿಗೆಯ ಲೆಕ್ಕವನ್ನು ಮೊದಲೇ ಕೈಬಿಡಿ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಿಯಮ ತಂದಿದೆ. ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ರಸ್ತೆಗೆ ತರಬಹುದೇ ಹೊರತು ದಿನಬಳಕೆಗಲ್ಲ, ಬಾಡಿಗೆಗಂತೂ ಅಲ್ಲವೇ ಅಲ್ಲ. ಸಂಜೆ ಮನೆಯವರನ್ನು ಕೂರಿಸಿಕೊಂಡು ಹಳೇಬೀಡಿಗೆ ಹೋಗಿಬರುವ ಚಿತ್ರ ಬರೆದಿದ್ದೀರಲ್ಲ, ವಿಎ ನೋಂದಣಿಯಾದರೆ ಅದಕ್ಕೂ ಕಷ್ಟ. ಹಳೆಯ ಮಾಮೂಲಿ ನೋಂದಣಿ ಚಾಲ್ತಿಯಲ್ಲಿದ್ದು ಕಾಲಕಾಲಕ್ಕೆ ಎಫ್‌ಸಿ ಆಗಿ ನವೀಕರಣವಾಗಿದ್ದರೆ ಕಥೆ ಬೇರೆ. ಆಗಲೂ ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ಒಪ್ಪುವುದಿಲ್ಲ, ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಆದ್ದರಿಂದ ಆರ್‌ಸಿ ಪ್ರತಿ ತರಿಸಿ, ಯಾವ ಬಗೆಯ ನೋಂದಣಿ ಎಂದು ಹಾಸನದ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮಾರುವವರು ಸುಳ್ಳು ಹೇಳಿದ್ದಾರೆ ಎಂದಲ್ಲ. ಮಾರುವವರು ಲಾಭದ ಮಾತು ಆಡುತ್ತಾರೆ, ನಿಯಮ ನೋಡಿಕೊಳ್ಳುವುದು ಕೊಳ್ಳುವವರ ಕೆಲಸ.

1956 ಎಂಬ ಇಸವಿಯೂ ಒಂದು ಪ್ರಶ್ನೆ ಎತ್ತುತ್ತದೆ. ಜನರಲ್ ಮೋಟಾರ್ಸ್ ಕಂಪನಿ ಮುಂಬೈಯಲ್ಲಿ 1928ರಿಂದ ಕಾರು ಜೋಡಿಸುತ್ತಿತ್ತು, 1954ರಲ್ಲಿ ಬಾಗಿಲು ಹಾಕಿತು. ಶೆವರ್ಲೆ ಅವರದ್ದೇ ಕಾರು. ಅಂದಮೇಲೆ 1956ರ ಶೆವರ್ಲೆ ಅಲ್ಲಿ ಜೋಡಿಸಿದ್ದಲ್ಲ, ಯಾರೋ ಹೊರಗಿನಿಂದ ತರಿಸಿದ್ದು. ಯಾರು, ಯಾವಾಗ, ಸುಂಕದ ಕಾಗದ ಎಲ್ಲಿ, ಮೊದಲ ನೋಂದಣಿ ಯಾವ ಊರಿನದು ಎಂಬ ಸರಪಳಿ ಬೇಕು. ಸ್ಟೀರಿಂಗ್ ಎಡಕ್ಕಿದೆಯೋ ಬಲಕ್ಕಿದೆಯೋ ನೀವು ಬರೆದಿಲ್ಲ. ಎಡಕ್ಕಿದ್ದರೆ ನಮ್ಮ ರಸ್ತೆಯಲ್ಲಿ ಲಾರಿ ಹಿಂದೆ ಹಾಕುವಾಗ ಎದುರಿನದು ಕಾಣುವುದಿಲ್ಲ, ನೆನಪಿರಲಿ.

ಅದಕ್ಕಿಂತ ಮುಖ್ಯ, ಅದು ಹುಟ್ಟಿನಿಂದ ಓಪನ್ ಕಾರೇ ಅಥವಾ ಯಾರೋ ಆಮೇಲೆ ತಲೆ ಕೊಯ್ದದ್ದೇ ಎಂಬುದು. ಓಪನ್ ಮಾದರಿಗಳು ಆಗಲೂ ಕಡಿಮೆ. ಅದಕ್ಕೇ ಮಾಮೂಲಿ ಕಾರಿನ ಮೇಲ್ಛಾವಣಿ ಕತ್ತರಿಸಿ ಓಪನ್ ಮಾಡಿ ಮಾರುವುದುಂಟು. ಮೇಲ್ಛಾವಣಿ ಬರೀ ನೆರಳಿಗಲ್ಲ, ಇಡೀ ಬಾಡಿಯನ್ನು ಬಿಗಿಹಿಡಿಯುವುದೂ ಅದೇ. ಕಂಪನಿಯೇ ಮಾಡಿದ ಓಪನ್ ಕಾರಿನಲ್ಲಿ ಆ ಬಲವನ್ನು ಕೆಳಗಿನ ಚಾಸಿಗೆ ಹೆಚ್ಚುವರಿ ಉಕ್ಕು ಕೊಟ್ಟು ತುಂಬಿರುತ್ತಾರೆ. ಕೊಯ್ದ ಕಾರಿನಲ್ಲಿ ಅದಿರುವುದಿಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ಓಡುತ್ತಾ ಓಡುತ್ತಾ ನಡು ಬಗ್ಗುತ್ತದೆ. ಗುರುತಿಸುವ ದಾರಿ ಇದೆ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ಚಿಕ್ಕ ಲೋಹದ ಫಲಕ ಸಿಗುತ್ತದೆ. ಅಮೆರಿಕದಲ್ಲಿ ತಯಾರಾದ ಆ ವರ್ಷದ ಶೆವರ್ಲೆ ಓಪನ್ ಕಾರಾದರೆ ಸ್ಟೈಲ್ ಎಂಬ ಅಕ್ಷರಗಳ ಮುಂದೆ 1067 ಎಂಬ ಅಂಕಿ ಇರಬೇಕು. ಫಲಕವೇ ಇಲ್ಲ, ಬಣ್ಣ ಬಳಿಯುವಾಗ ಹೋಯಿತು ಎಂದರೆ ಅನುಮಾನ ಪಡಿ. ಆಮೇಲೆ ಬಾಗಿಲು ಮುಚ್ಚಿ, ಅಂಚಿನ ಸಂದಿಯನ್ನು ಮೇಲಿನಿಂದ ಕೆಳಗಿನ ತನಕ ಬೆರಳಲ್ಲಿ ಸವರಿ ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ. ಒಂದು ಅಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚಕ್ರದ ಮೇಲ್ಭಾಗ, ಬಾಗಿಲ ಕೆಳಅಂಚುಗಳಲ್ಲಿ ಆಡಿಸಿ. ಅದು ಹಿಡಿಯದೆ ಜಾರುವ ಕಡೆ ತಗಡಿಲ್ಲ, ಪುಟ್ಟಿ ತುಂಬಿ ಮೇಲೆ ಹೊಳೆಯುವ ಕೆಂಪು ಬಳಿದಿದ್ದಾರೆ. ನೆಲಹಾಸು ಎತ್ತಿಸಿ ತುಕ್ಕು ನೋಡಿ.

ಇದನ್ನೆಲ್ಲ ನೀವೊಬ್ಬರೇ ಮಾಡಬೇಡಿ. ಬೆಂಗಳೂರಿನಲ್ಲಿ ಹಳೆ ಕಾರಿನವರ ಸಂಘವಿದೆ, ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್. ಅಲ್ಲಿಯ ಸದಸ್ಯರು ಹೊಸಬರಿಗೆ ತಿಳಿಸಿ ಹೇಳುವುದರಲ್ಲಿ ಉತ್ಸಾಹಿಗಳು. ಮಾರುವವರಿಂದ ಕಮಿಷನ್ ಪಡೆಯದ ಒಬ್ಬ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. 38 ಲಕ್ಷ ಹೆಚ್ಚಾಯಿತೋ ಸರಿಯೋ ಎಂಬುದನ್ನೂ ಅವರೇ ಹೇಳಬೇಕು.

ಕಾರು ಮನೆಗೆ ಬಂದ ಮೇಲಿನ ದಿನಗಳನ್ನೂ ಕಣ್ಣ ಮುಂದೆ ತಂದುಕೊಳ್ಳಿ. ಉದ್ದ ಸುಮಾರು 5 ಮೀಟರು, ಅಂದರೆ ನಿಮ್ಮ ಮಗನ ಆಲ್ಟೊಗಿಂತ ಒಂದೂವರೆ ಮೀಟರು ಹೆಚ್ಚು. ನಿಮ್ಮ ಓಣಿಯಲ್ಲಿ ತಿರುಗುತ್ತದೆಯೇ? ಆರು ಸಿಲಿಂಡರಿನದಾದರೆ ಎಂಜಿನ್ 3.9 ಲೀಟರಿನದು, ಲೀಟರಿಗೆ ಐದಾರು ಕಿಲೋಮೀಟರು ಕೊಟ್ಟರೆ ಪುಣ್ಯ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಇದೆ, ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಅದು ತಿನ್ನುತ್ತದೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಒಂದೇ ಲೈನಿನದು. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಒಂದು ಸಮಾಧಾನ: 1955ರಿಂದ 57ರವರೆಗಿನ ಶೆವರ್ಲೆಗಳ ಬಿಡಿಭಾಗಗಳನ್ನು ಅಮೆರಿಕದಲ್ಲಿ ಈಗಲೂ ಹೊಸದಾಗಿ ತಯಾರಿಸುತ್ತಾರೆ. ತರಿಸುವ ಖರ್ಚು, ಸುಂಕ ನಿಮ್ಮದು. ವಿಮೆಗೂ ಇಷ್ಟು ಬೆಲೆ ಎಂದು ಕಂಪನಿಯ ಜೊತೆ ಮೊದಲೇ ಒಪ್ಪಂದ ಬರೆಸಿಕೊಳ್ಳಬೇಕು. ಕಾರನ್ನು ತೋಟದ ಮನೆಯ ಮುಂದೆ ನಿಲ್ಲಿಸುತ್ತೇನೆ ಎಂದಿದ್ದೀರಿ. ಬಟ್ಟೆಯ ಟಾಪಿನ ಮೇಲೆ ಒಂದು ಬಲಿತ ಕಾಯಿ ಬಿದ್ದರೆ ಏನಾದೀತೆಂದು ತೆಂಗಿನ ತೋಟದವರಿಗೆ ನಾನು ಹೇಳಬೇಕೆ? ಗಟ್ಟಿ ಶೆಡ್ಡಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಈ ಹದಿನೈದು ದಿನದ ಗಡುವು ನನಗೆ ಹಿಡಿಸಲಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಗಿಟಕು ಗಡಗಡ ಎನ್ನುವ ತನಕ ಹತ್ತು ಹನ್ನೊಂದು ತಿಂಗಳು ಕಾದು, ಆಮೇಲೆ ಉಂಡೆಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವವರು ನೀವು. ಎಪ್ಪತ್ತು ವರ್ಷ ಹಳೆಯ ಕಾರಿಗೆ ಹದಿನೈದು ದಿನದ ಆತುರ ಯಾಕೆ? ಬೇರೆಯವರಿಗೆ ಹೋದರೆ ಹೋಗಲಿ. ಇಂಥ ಕಾರು ಇನ್ನೊಂದು ಸಿಗುವುದು ತಡವಾಗಬಹುದು, ಸಿಗುವುದೇ ಇಲ್ಲ ಎಂದೇನಿಲ್ಲ. ಮುಂಗಡಕ್ಕೆ ರಸೀದಿ ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇಲ್ಲದಿದ್ದರೆ ಇವತ್ತೇ ಒಂದು ಬರಹ ಕೇಳಿ: ಎಷ್ಟು ಕೊಟ್ಟಿರಿ, ಯಾವ ಕಾರಿಗೆ, ಕಾಗದ ಸರಿಯಿಲ್ಲದಿದ್ದರೆ ಹಣ ವಾಪಸ್ಸು ಎಂಬ ಮಾತಿನೊಂದಿಗೆ. ಸಜ್ಜನರಾದರೆ ಕೊಡುತ್ತಾರೆ. ಕೊಡದಿದ್ದರೆ ಎರಡು ಲಕ್ಷದಲ್ಲಿ ನಿಮಗೊಂದು ವಿಷಯ ತಿಳಿದ ಹಾಗಾಯಿತು, ಮೂವತ್ತಾರು ಲಕ್ಷ ಉಳಿಯಿತು.

ಕೊಳ್ಳುವ ಮೊದಲು ಇಂಥ ಕಾರನ್ನು ಹತ್ತಿರದಿಂದ ನೋಡಿ, ಮನೆಯವರ ಜೊತೆಗೇ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ‘ಪಯಣ’ ಎಂಬ ಕಾರು ಸಂಗ್ರಹಾಲಯವಿದೆ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೆಯ ವಾಹನಗಳು ಅಲ್ಲಿವೆ. ಧರ್ಮಸ್ಥಳದಲ್ಲೂ ಅವರ ಸಂಗ್ರಹವಿದೆ, ಅದು ನಿಮಗೆ ಹೇಗೂ ಹೋಗಿಬರುವ ದಾರಿಯೇ. ಒಂದು ದಿನ ಹೋಗಿ ಬನ್ನಿ. ಬರುವಾಗ ಆಸೆ ಇಮ್ಮಡಿಯಾಗಿದ್ದರೂ ತಿಳಿಯುತ್ತದೆ, ನೋಡಿದ್ದೇ ಸಾಕು ಅನ್ನಿಸಿದ್ದರೂ ತಿಳಿಯುತ್ತದೆ. ತಲೆಯ ಮೇಲೆ ಬಯಲು ಗಾಳಿ ಬೀಸಬೇಕು ಅಷ್ಟೇ ಎಂದಾದರೆ ಹಳೆಯ ವಿಲ್ಲೀಸ್ ಜೀಪು ಸಾಕು. ಅದೂ ಅಮೆರಿಕದ್ದೇ ಹುಟ್ಟು, ನಮ್ಮ ಮಲೆನಾಡಿನ ಮೆಕ್ಯಾನಿಕ್‌ಗಳಿಗೆ ಅದರ ಒಳಹೊರಗು ಕಣ್ಣು ಮುಚ್ಚಿದರೂ ಗೊತ್ತು. ತಮಾಷೆಗೆ ಹೇಳುತ್ತಿಲ್ಲ, ಆದರೆ ಕೆಂಪು-ಬಿಳಿಯ ಆ ಕಾರಿನ ಜಾಗದಲ್ಲಿ ಜೀಪು ಕೂರುತ್ತದೋ ಇಲ್ಲವೋ ನಿಮ್ಮ ಮನಸ್ಸೇ ಹೇಳಬೇಕು.

ನಿದ್ದೆಯ ಬಗ್ಗೆ ಒಂದು ಮಾತು. ಮುಂಗಡದ ಗುಟ್ಟು ಹೊರಬಿದ್ದ ಮೇಲೆ ನಿದ್ದೆ ತಾನಾಗಿ ಮರಳಬೇಕು. ಎರಡು ಮೂರು ವಾರವಾದರೂ ಮರಳದಿದ್ದರೆ, ಅಥವಾ ಕಾರಲ್ಲದೆ ಬೇರೆ ಬೇರೆ ದೊಡ್ಡ ಖರ್ಚಿಗೂ ಮನಸ್ಸು ಹಾರುತ್ತಿದ್ದು, ನಿದ್ದೆಯಿಲ್ಲದೆಯೂ ಮೈಯಲ್ಲಿ ವಿಪರೀತ ಹುರುಪು ಇದೆ ಅನ್ನಿಸಿದರೆ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. 14416 ಟೆಲಿ-ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಅದರಲ್ಲಿ ಅವಮಾನವೇನಿಲ್ಲ, ಬಿಪಿ ತೋರಿಸಿಕೊಂಡು ಬಂದಷ್ಟೇ ಮಾಮೂಲು.

ಇವತ್ತು ಎರಡು ಕೆಲಸ ಮಾಡಿ. ಮಾರುವವರಿಗೆ ಫೋನು ಮಾಡಿ, ಮನೆಯಲ್ಲಿ ಮಾತಾಡಬೇಕು, ಕಾಗದ ನೋಡಬೇಕು, ಎರಡು ತಿಂಗಳಾದರೂ ಬೇಕು ಎಂದು ಹೇಳಿ. ರಾತ್ರಿ ಊಟವಾದ ಮೇಲೆ ಮನೆಯವರ ಹತ್ತಿರ ಆ ಎರಡು ಲಕ್ಷದ ಮಾತು ತೆಗೆಯಿರಿ. ಅವರು ಏನು ಹೇಳಿದರು ಎಂದು ನನಗೊಂದು ಪತ್ರ ಬರೆಯಿರಿ. ಅವರೇ ಬರೆದರೆ ಇನ್ನೂ ಸಂತೋಷ.